ಪದಚರ್ಚೆ: ಕೇಕಿನ ‘ಲೇಯರ್’, ಪುಟದ ‘ಲೇಯರ್’, ಮತ್ತು ‘ಆರು’ ಎಂಬ ಕ್ರಿಯಾಪದ

ಗೆಳೆಯರೇ,

ಮನೆಯಲ್ಲೇ ಲೇಯರ್ ಕೇಕ್ ಮಾಡುವುದು ಹೇಗೆ, ಚಿತ್ರ, ಬಣ್ಣ, ಬರಹ ತುಂಬಿಸುವ ಪುಸ್ತಕವಾದ ಆರ್ಟ್ ಜರ್ನಲ್‌ನಲ್ಲಿ ತಿಂಗಳ ಕ್ಯಾಲೆಂಡರ್ ಪುಟ ಬಿಡಿಸುವುದು ಹೇಗೆ ಅಂತ ಎರಡು ಪುಟ್ಟ ಕೈಪಿಡಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಎರಡೂ ನನಗೆ ತುಂಬಾ ಇಷ್ಟದ ಕೆಲಸಗಳು. ಓದುವವರು ಹೊಸಬರು. ಅವರು ಒಂದು ಸಾಲು ಓದಬೇಕು, ಕೈ ಆ ಕೆಲಸ ಮಾಡಬೇಕು, ಮತ್ತೆ ಮುಂದಿನ ಸಾಲಿಗೆ ಹೋಗಬೇಕು. ನಡುವೆ ‘ಈ ಪದಕ್ಕೆ ಏನರ್ಥ’ ಅಂತ ನಿಲ್ಲುವಂತಾಗಬಾರದು. ಅದಕ್ಕೇ ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಕೇಳುತ್ತಿದ್ದೇನೆ.

ನನ್ನ ನಿಲುವನ್ನೂ ಮೊದಲೇ ಹೇಳಿಬಿಡುತ್ತೇನೆ. ವಸ್ತುಗಳ ಹೆಸರು ಇಂಗ್ಲಿಷಿನದೇ ಇರಲಿ, ಅಡ್ಡಿಯಿಲ್ಲ. ಓವನ್, ಟಿನ್, ಬಟರ್‌ಕ್ರೀಮ್, ಜೆಸ್ಸೋ (ಬಣ್ಣಕ್ಕೆ ಮುಂಚೆ ಪುಟಕ್ಕೆ ಬಳಿಯುವ ತಳಬಣ್ಣ), ಅಕ್ರಿಲಿಕ್ ಇವೆಲ್ಲ ಎಲ್ಲರ ಬಾಯಲ್ಲೂ ಇವೆ. ಆದರೆ ಕೈ ಮಾಡುವ ಕೆಲಸಕ್ಕೆ ಕನ್ನಡದ ಕ್ರಿಯಾಪದವೇ ಬೇಕು. ‘ಫೋಲ್ಡ್ ಮಾಡಿ’, ‘ಕೋಟ್ ಮಾಡಿ’, ‘ಡ್ರೈ ಮಾಡಿ’ ಅಂತ ಬರೆದರೆ ಎಷ್ಟು ದಪ್ಪ, ಎಷ್ಟು ಹಗುರ, ಎಷ್ಟು ಹೊತ್ತು ಅನ್ನುವುದು ತಿಳಿಯುವುದೇ ಇಲ್ಲ. ನಮ್ಮ ಕ್ರಿಯಾಪದಗಳಲ್ಲಿ ಅದೆಲ್ಲ ಆಗಲೇ ಅಡಗಿದೆ.

ಮೊದಲು ‘ಲೇಯರ್’. ಎಲ್ಲರಿಗೂ ಥಟ್ಟನೆ ಹೊಳೆಯುವುದು ‘ಪದರ’. ಒಳ್ಳೆಯ ಪದವೇ. ಆದರೆ ‘ಮೂರು ಪದರದ ಕೇಕ್’ ಅಂದಾಗ ಏನನ್ನು ಎಣಿಸುತ್ತಿದ್ದೇವೆ? ಬೇಯಿಸಿದ ಕೇಕನ್ನು ಮಾತ್ರವೋ, ನಡುವಿನ ಕ್ರೀಮನ್ನೂ ಸೇರಿಸಿಯೋ? ಕೇಕ್ ಮಾಡುವವರ ಲೆಕ್ಕದಲ್ಲಿ ಲೇಯರ್ ಅಂದರೆ ಬೇಯಿಸಿದ ಕೇಕ್ ಮಾತ್ರ. ಮೂರು ಲೇಯರ್ ಇದ್ದರೆ ನಡುವೆ ಎರಡು ಸಲ ಕ್ರೀಮ್ ಬರುತ್ತದೆ. ಹೊಸಬರು ‘ಪದರ’ ಅಂತ ಓದಿದರೆ ಐದನ್ನೂ ಎಣಿಸುವ ಸಾಧ್ಯತೆ ಇದೆ. ಅವರ ತಪ್ಪಲ್ಲ, ನೋಡಿದರೆ ಐದು ಪದರವೇ ಕಾಣುತ್ತದಲ್ವಾ.

ಅದಕ್ಕೆ ಬೇಯಿಸಿದ ದುಂಡನೆಯ ಭಾಗಕ್ಕೆ ‘ಬಿಲ್ಲೆ’ ಅಂತ ಬಳಸಿ ನೋಡುತ್ತಿದ್ದೇನೆ. ‘20 ಸೆಂಟಿಮೀಟರ್ ಟಿನ್‌ನಲ್ಲಿ ಎರಡು ಬಿಲ್ಲೆ ಬೇಯಿಸಿ. ಪ್ರತಿ ಬಿಲ್ಲೆಯ ಉಬ್ಬಿದ ನೆತ್ತಿಯನ್ನು ಬ್ರೆಡ್ ಚಾಕುವಿನಿಂದ ಸಮ ಮಾಡಿ. ಆಮೇಲೆ ಅಡ್ಡಕ್ಕೆ ಸೀಳಿ ನಾಲ್ಕು ಮಾಡಿಕೊಳ್ಳಿ.’ ಇದು ನನಗೆ ಸ್ಪಷ್ಟವಾಗಿದೆ. ‘ನೆತ್ತಿ’ ಅನ್ನುವುದೂ ಸರಿಯಾಗಿ ಕೂತಿದೆ. ಟಿನ್‌ನ ಅಂಚು ಬೇಗ ಕಾಯುತ್ತದೆ, ಹಾಗಾಗಿ ಅಂಚಿನ ಹಿಟ್ಟು ಮೊದಲು ಗಟ್ಟಿಯಾಗುತ್ತದೆ. ನಡುವಿನದು ಇನ್ನೂ ಏರುತ್ತಲೇ ಇರುತ್ತದೆ. ನೆತ್ತಿ ಬರುವುದು ಹಾಗೆ. ಬಿಲ್ಲೆ ಅಂದರೆ ನಿಮಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೇ ಕಣ್ಣಿಗೆ ಬರುತ್ತದೋ, ಊಟದ ತಟ್ಟೆಯಷ್ಟು ದೊಡ್ಡದಕ್ಕೂ ಒಪ್ಪುತ್ತದೋ? ಇದು ನನ್ನ ಮೊದಲ ಪ್ರಶ್ನೆ.

ಇದರ ಜೊತೆಗೇ ‘ಟಿಯರ್’ ಕೂಡ ಇದೆ. ದೊಡ್ಡ ಕೇಕಿನ ಮೇಲೆ ಚಿಕ್ಕ ಕೇಕ್ ಕೂರಿಸುವುದು. ಮೇಲಿನದರ ಭಾರಕ್ಕೆ ಕೆಳಗಿನದು ಕುಸಿಯದಂತೆ ಒಳಗೆ ಕಡ್ಡಿಗಳನ್ನು ನಿಲ್ಲಿಸಬೇಕಾಗುತ್ತದೆ. ಇದನ್ನೂ ಕೆಲವರು ಪದರ ಅಂತಲೇ ಬರೆಯುತ್ತಾರೆ. ‘ಅಂತಸ್ತು’ ಇರುವಾಗ ಗೊಂದಲ ಯಾಕೆ? ಎರಡಂತಸ್ತಿನ ಕೇಕ್, ಒಂದೊಂದು ಅಂತಸ್ತಿನಲ್ಲಿ ಮೂರು ಬಿಲ್ಲೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ. ಹಾಗೆಯೇ ಕ್ರೀಮಿನ ಪದರಕ್ಕೆ ‘ಕೆನೆಪದರ’ ಅಂತ ಯಾರೂ ಸೂಚಿಸಬೇಡಿ. ಆ ಪದವನ್ನು ಮೀಸಲಾತಿಯ ಸುದ್ದಿಗಳು ಪೂರ್ತಿ ತೆಗೆದುಕೊಂಡಿವೆ. ಕೇಕಿನ ಕೈಪಿಡಿಯಲ್ಲಿ ಅದು ಕಂಡರೆ ಓದುವವರ ಮನಸ್ಸು ಬೇರೆಲ್ಲೋ ಹೋಗುತ್ತದೆ.

ಜರ್ನಲ್ ಪುಟದಲ್ಲಿ ಮಾತ್ರ ‘ಪದರ’ ಸರಿಯಾಗಿಯೇ ಕೆಲಸ ಮಾಡುತ್ತದೆ. ಅಲ್ಲಿ ಜೆಸ್ಸೋ, ಅದರ ಮೇಲೆ ಬಣ್ಣ, ಅದರ ಮೇಲೆ ಅಂಟಿಸಿದ ತೆಳು ಕಾಗದ, ಅದರ ಮೇಲೆ ಪೆನ್ನಿನ ಗೆರೆ. ಕೆಳಗಿನದು ಮೇಲಿನದರ ಮೂಲಕ ಅಲ್ಪಸ್ವಲ್ಪ ಕಾಣುತ್ತಲೇ ಇರುತ್ತದೆ. ಬಿಡಿಸಿ ತೆಗೆಯಲಾಗದ್ದು ಪದರ, ಎತ್ತಿ ಪಕ್ಕಕ್ಕೆ ಇಡಬಹುದಾದ್ದು ಬಿಲ್ಲೆ. ಸದ್ಯಕ್ಕೆ ಹೀಗೆ ಗೆರೆ ಎಳೆದುಕೊಂಡಿದ್ದೇನೆ.

ಈಗ ‘ಕೋಟ್’. ಗೋಡೆಗೆ ಬಣ್ಣ ಹೊಡೆಯುವವರು ಮೊದಲನೇ ಕೋಟ್, ಎರಡನೇ ಕೋಟ್ ಅಂತಲೇ ಹೇಳುತ್ತಾರೆ. ‘ಲೇಪನ’ ಪುಸ್ತಕದಲ್ಲಿ ಚೆಂದ, ಅಡುಗೆಮನೆಯಲ್ಲಿ ಯಾರೂ ಆಡುವುದಿಲ್ಲ. ಹಾಗಾಗಿ ನಾಮಪದ ಕೋಟ್ ಇರಲಿ. ಕ್ರಿಯಾಪದಕ್ಕೆ ಬಂದಾಗ ನಮ್ಮಲ್ಲಿರುವ ಸಂಪತ್ತು ನೋಡಿ: ಸವರು, ಬಳಿ, ಹಚ್ಚು, ಮೆತ್ತು. ಇವು ಒಂದೇ ಅಲ್ಲ. ಸವರುವುದು ತೀರಾ ತೆಳ್ಳಗೆ, ಕೈ ಹಗುರ. ಟಿನ್‌ಗೆ ಬೆಣ್ಣೆ ಸವರುತ್ತೇವೆ, ಮೆತ್ತುವುದಿಲ್ಲ. ಬಳಿಯುವುದು ಅಗಲವಾದ ಜಾಗವನ್ನು ಪೂರ್ತಿ ಮುಚ್ಚುವುದಕ್ಕೆ. ಮೆತ್ತುವುದು ದಪ್ಪಕ್ಕೆ, ಒತ್ತಿ ಕೂರಿಸುವುದಕ್ಕೆ. ಹಚ್ಚು ಇವೆಲ್ಲದರ ನಡುವೆ ಎಲ್ಲಿಗೂ ಸಲ್ಲುವ ಪದ, ಆದ್ದರಿಂದಲೇ ಅಳತೆ ಹೇಳಬೇಕಾದ ಕಡೆ ಅದು ಸಾಲದು.

ಇದೇ ಕ್ರಿಯಾಪದಗಳು ಎರಡೂ ಕೈಪಿಡಿಗೆ ಹಾಗೇ ಹೊಂದುತ್ತವೆ. ಪುಟಕ್ಕೆ ಜೆಸ್ಸೋ ಬಳಿಯಿರಿ. ಒಣ ಬ್ರಷ್ಷಿನಿಂದ ಅಂಚಿಗೆ ಬಿಳಿ ಬಣ್ಣ ಸವರಿ. ಉಬ್ಬು ಹೂವು ಬೇಕಾದರೆ ಅಚ್ಚಿನ ಹಾಳೆಯ ಮೇಲೆ ಟೆಕ್ಸ್‌ಚರ್ ಪೇಸ್ಟ್ ಮೆತ್ತಿ. ಕೇಕಿಗೆ ಕೊನೆಯ ಬಟರ್‌ಕ್ರೀಮ್ ಬಳಿಯಿರಿ. ಓದುವವರಿಗೆ ಮಿಲಿಮೀಟರ್ ಹೇಳುವ ಅಗತ್ಯವೇ ಬೀಳುವುದಿಲ್ಲ.

ನಿಜವಾದ ತೊಡಕು ಇರುವುದು ‘ಕ್ರಂಬ್ ಕೋಟ್’ನಲ್ಲಿ. ಗೊತ್ತಿಲ್ಲದವರಿಗೆ ಎರಡು ಮಾತು. ಸಮ ಮಾಡಿದ, ಸೀಳಿದ ಕೇಕಿನ ಮೈಯಿಂದ ಪುಡಿ ಉದುರುತ್ತಲೇ ಇರುತ್ತದೆ. ಹಾಗೇ ದಪ್ಪ ಕ್ರೀಮ್ ಬಳಿದರೆ ಚಾಕುವಿನ ಜೊತೆ ಪುಡಿಯೂ ಓಡಾಡಿ ಬಿಳಿ ಕ್ರೀಮಿನ ತುಂಬ ಕಂದು ಚುಕ್ಕೆ. ಅದಕ್ಕೆ ಮೊದಲು ಒಂದು ತೆಳು ಕೋಟ್, ಒಳಗಿನ ಕೇಕ್ ಕಾಣುವಷ್ಟು ತೆಳು. ಆಮೇಲೆ ಇಪ್ಪತ್ತು ಮೂವತ್ತು ನಿಮಿಷ ಫ್ರಿಜ್‌ನಲ್ಲಿ. ಕ್ರೀಮಿನ ಬೆಣ್ಣೆ ಗಟ್ಟಿಯಾಗಿ ಪುಡಿಯನ್ನೆಲ್ಲ ಅಲ್ಲೇ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಬಳಿದ ಕ್ರೀಮ್ ಕಲೆಯಿಲ್ಲದೆ ಬರುತ್ತದೆ.

ಇಲ್ಲಿ ‘ಕ್ರಂಬ್’ ಅಂದರೆ ಉದುರುವ ಪುಡಿ. ಆದರೆ ಬೇಕಿಂಗ್‌ನಲ್ಲಿ ಅದೇ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಕೇಕ್ ಕತ್ತರಿಸಿದಾಗ ಒಳಗೆ ಕಾಣುವ ಸಣ್ಣ ಸಣ್ಣ ತೂತುಗಳ ಮೃದು ಭಾಗಕ್ಕೂ ಕ್ರಂಬ್ ಅಂತಾರೆ. ‘ಒಳ್ಳೆ ಕ್ರಂಬ್ ಬಂದಿದೆ’ ಅಂದರೆ ಪುಡಿ ಜಾಸ್ತಿ ಉದುರಿದೆ ಅಂತಲ್ಲ! ನನ್ನ ಸಲಹೆ: ಒಳಗಿನದಕ್ಕೆ ‘ತಿರುಳು’, ಹೊರಗೆ ಬೀಳುವುದಕ್ಕೆ ‘ಉದುರು’. ‘ತಿರುಳು ನುಣುಪಾಗಿದೆ’, ‘ತಿರುಳು ಬಿಗಿಯಾಗಿದೆ’ ಅಂತ ಸರಾಗವಾಗಿ ಬರೆಯಬಹುದು. ಹಾಗಾದರೆ ಕ್ರಂಬ್ ಕೋಟ್ ‘ಉದುರುಕೋಟ್’ ಆಗುತ್ತದೆ. ಇಲ್ಲಿ ಒಂದು ಅಳುಕು. ‘ಉದುರುಕೋಟ್’ ಅಂದರೆ ಉದುರಿಹೋಗುವ ಕೋಟ್ ಅಂತ ಕೇಳಿಸುತ್ತದಾ? ‘ತಳಕೋಟ್’ ಅಂದರೆ ಆ ತೊಂದರೆ ಇಲ್ಲ, ಪುಟದ ಜೆಸ್ಸೋಗೂ ಅದೇ ಹೆಸರು ಸಲ್ಲುತ್ತದೆ. ಆದರೆ ಅದರ ಉದ್ದೇಶವೇನು ಅನ್ನುವುದು ಹೆಸರಲ್ಲಿ ಉಳಿಯುವುದಿಲ್ಲ. ನನ್ನ ಮನಸ್ಸು ಸ್ವಲ್ಪ ‘ತಳಕೋಟ್’ ಕಡೆಗೇ ವಾಲಿದೆ. ನಿಮ್ಮದು?

‘ಫೋಲ್ಡ್’ಗೆ ಬರೋಣ. ನೊರೆ ಬರುವಂತೆ ಕಡೆದ ಮೊಟ್ಟೆಯ ಬಿಳಿಯನ್ನು ಹಿಟ್ಟಿಗೆ ಸೇರಿಸುವ ಹಂತ. ಇಲ್ಲಿ ‘ಮಡಿಸಿ’ ಅಂತ ಬರೆದಿರುವುದನ್ನು ಸಾಕಷ್ಟು ಕಡೆ ನೋಡಿದ್ದೇನೆ. ಸುರಿಯುವಷ್ಟು ತೆಳುವಾದ ಹಿಟ್ಟನ್ನು ಯಾರಾದರೂ ಮಡಿಸುತ್ತಾರಾ? ಮಡಿಸುವುದು ಬಟ್ಟೆಯನ್ನ, ಕಾಗದವನ್ನ. ಜರ್ನಲ್ ಕೈಪಿಡಿಯಲ್ಲಿ ಹಾಳೆ ಮಡಿಸಿ ಗುಟ್ಟು ಪುಟ ಮಾಡುವ ಭಾಗ ಇದೆ, ಅಲ್ಲಿ ಅದು ಸರಿ. ‘ಬೆರೆಸಿ’ ಅಂದರೂ ಸಾಲದು. ಬೆರೆಸಿ ಅಂದರೆ ಜನ ಸುತ್ತ ಸುತ್ತ ತಿರುಗಿಸುತ್ತಾರೆ, ನೊರೆಯಲ್ಲಿದ್ದ ಗಾಳಿ ಹೋಗುತ್ತದೆ, ಮೈದಾದ ಅಂಟು ಎಳೆ ಜಾಸ್ತಿಯಾಗಿ ಕೇಕ್ ಬಿರುಸಾಗುತ್ತದೆ.

ನಾನು ‘ಮಗುಚು’ ಆರಿಸಿಕೊಂಡಿದ್ದೇನೆ. ‘ಸೌಟನ್ನು ನಡುವೆ ಇಳಿಸಿ, ತಳ ಸವರಿಕೊಂಡು ಬಂದು, ಕೆಳಗಿನ ಹಿಟ್ಟನ್ನು ಮೇಲಕ್ಕೆ ಮಗುಚಿ. ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ. ಮತ್ತೆ ಮಗುಚಿ. ಬಿಳಿ ಗೆರೆ ಕಾಣದಂತಾದ ಕೂಡಲೇ ನಿಲ್ಲಿಸಿ.’ ಕೈ ಏನು ಮಾಡಬೇಕೋ ಅದು ಪದದಲ್ಲೇ ಇದೆ. ಆದರೆ ‘ಮಗುಚು’ ಅಂದಾಗ ದೋಣಿ ಮಗುಚಿದ್ದೇ ನೆನಪಾಗುವವರಿಗೆ ಪಾತ್ರೆಯನ್ನೇ ಬೋರಲು ಹಾಕಬೇಕು ಅನಿಸಬಹುದು. ನಿಮ್ಮ ಮಾತಿನಲ್ಲಿ ಒಲೆಯ ಮೇಲಿನದನ್ನು ತಳ ಹಿಡಿಯದಂತೆ ತಿರುವುವುದಕ್ಕೆ ಮಗುಚು ಅಂತೀರಾ? ಮೊಗಚು ಅಂತೀರಾ? ಅಥವಾ ಬರೀ ತಿರುವು, ತಿರುವಿಹಾಕು ಅಂತೀರಾ?

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಪದ, ‘ಆರು’. ಬಿಸಿ ಆರುತ್ತದೆ, ಬಟ್ಟೆ ಆರುತ್ತದೆ, ಗಾಯ ಆರುತ್ತದೆ, ದೀಪ ಆರುತ್ತದೆ. ಎರಡೂ ಕೈಪಿಡಿಗಳಲ್ಲಿ ಹೆಚ್ಚು ಸಲ ಬರುವ ಸೂಚನೆಯೇ ‘ಆರಲು ಬಿಡಿ’. ಓವನ್‌ನಿಂದ ತೆಗೆದ ಕೇಕ್ ಆರಬೇಕು, ಇಲ್ಲದಿದ್ದರೆ ಬಟರ್‌ಕ್ರೀಮ್ ಕರಗಿ ಜಾರುತ್ತದೆ. ಬೆಣ್ಣೆ ಕರಗಲು 32ರಿಂದ 35 ಡಿಗ್ರಿ ಸೆಲ್ಸಿಯಸ್ ಸಾಕು, ಕೈಗೆ ಸುಮ್ನೆ ಬೆಚ್ಚಗೆ ಅನಿಸುವ ಕೇಕಿನ ಒಳಗೆ ಅದಕ್ಕಿಂತ ಜಾಸ್ತಿ ಬಿಸಿ ಇರಬಹುದು. ಬಣ್ಣ ಬಳಿದ ಪುಟವೂ ಆರಬೇಕು, ಇಲ್ಲದಿದ್ದರೆ ಮೇಲೆ ಎಳೆದ ಶಾಯಿ ಹರಡುತ್ತದೆ.

ಪದ ಒಂದೇ, ಆದರೆ ಪರೀಕ್ಷೆ ತಿರುಗಾಮುರುಗಾ. ಬೆರಳಿನ ಹಿಂಬದಿಯನ್ನು ಕೇಕಿಗೆ ತಾಗಿಸಿ ನೋಡಿ: ತಣ್ಣಗಿದ್ದರೆ ಆರಿದೆ. ಅದೇ ಬೆರಳನ್ನು ಪುಟಕ್ಕೆ ತಾಗಿಸಿ: ತಣ್ಣಗಿದ್ದರೆ ಇನ್ನೂ ಆರಿಲ್ಲ. ಕಾಗದದೊಳಗಿನ ನೀರು ಆವಿಯಾಗುತ್ತಾ ಇರುವುದರಿಂದ ಅದು ತಣ್ಣಗಿರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಬೆರಳಿಗೆ ಗೊತ್ತಾಗುತ್ತದೆ. ಹಾಗಾಗಿ ‘ತಣ್ಣಗಾಗಲಿ’ ಅಂತ ಬರೆದರೆ ಕೇಕಿಗೆ ಸರಿ, ಪುಟಕ್ಕೆ ಪೂರ್ತಿ ತಪ್ಪು. ‘ಒಣಗಲಿ’ ಅಂದರೆ ಪುಟಕ್ಕೆ ಸರಿ, ಕೇಕಿಗೆ ಕೆಡುಕು. ಒಣಗಿದ ಕೇಕ್ ಯಾರಿಗೆ ಬೇಕು? ‘ಆರಲಿ’ ಮಾತ್ರ ಎರಡೂ ಕಡೆ ಸಲ್ಲುತ್ತದೆ.

ಒಂದು ಮಿತಿ ಇದೆ. ಆರಿದ್ದೆಲ್ಲ ಗಟ್ಟಿಯಾಗಿ ನಿಲ್ಲುತ್ತದೆ ಅಂತಿಲ್ಲ. ಜಲವರ್ಣದಲ್ಲಿ ಬಣ್ಣ ಹಿಡಿದಿಡುವುದು ನೀರಲ್ಲಿ ಕರಗುವ ಗೋಂದು, ಆದ್ದರಿಂದ ಆರಿದ ಮೇಲೂ ಒದ್ದೆ ಬ್ರಷ್ ತಾಗಿದರೆ ಮತ್ತೆ ಎದ್ದು ಬರುತ್ತದೆ. ಅಕ್ರಿಲಿಕ್ ಹಾಗಲ್ಲ, ಒಮ್ಮೆ ಆರಿದರೆ ಮುಗಿಯಿತು, ನೀರಿಗೆ ಕದಲುವುದಿಲ್ಲ. ಇದನ್ನು ಹೇಳಲು ‘ಬಣ್ಣ ಆರಿದೆ, ಆದರೆ ಹಿಡಿದಿಲ್ಲ’ ಅಂತ ಬರೆದಿದ್ದೇನೆ. ‘ಹಿಡಿ’ ಇಲ್ಲಿ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಇನ್ನೊಂದು ಗೊಂದಲಕ್ಕೆ ನಿಮ್ಮ ನೆರವು ಬೇಕೇ ಬೇಕು. ಆರುವಂತೆ ಮಾಡುವುದಕ್ಕೆ ‘ಆರಿಸು’. ಆಯ್ಕೆ ಮಾಡುವುದಕ್ಕೂ ‘ಆರಿಸು’. ‘ತಿಂಗಳ ಹೆಸರಿಗೆ ಬಣ್ಣ ಆರಿಸಿ’ ಅಂತ ಬರೆದರೆ ಏನು ಮಾಡಬೇಕು, ಡಬ್ಬಿ ತೆರೆಯಬೇಕಾ, ಹೇರ್ ಡ್ರೈಯರ್ ಹಿಡಿಯಬೇಕಾ? ಸದ್ಯಕ್ಕೆ ಆಯ್ಕೆಗೆ ‘ಆಯ್ದುಕೊಳ್ಳಿ’, ಇನ್ನೊಂದಕ್ಕೆ ‘ಆರಲು ಬಿಡಿ’ ಅಂತ ಬೇರೆ ಮಾಡಿದ್ದೇನೆ. ಹೇರ್ ಡ್ರೈಯರ್ ಹಿಡಿದಾಗ ಮಾತ್ರ ‘ಆರಲು ಬಿಡಿ’ ಒಪ್ಪುವುದಿಲ್ಲ, ಅಲ್ಲಿ ನಾವೇ ಆರಿಸುತ್ತಿದ್ದೇವೆ. ‘ಬಿಸಿಗಾಳಿ ಹಿಡಿದು ಒಣಗಿಸಿ’ ಅನ್ನುವುದೇ ದಾರಿಯೇನೋ.

ಕ್ಯಾಲೆಂಡರ್ ಪುಟದ ಪದಗಳು ಹೆಚ್ಚು ಕಾಡಲಿಲ್ಲ. ‘ದಿನದರ್ಶಿಕೆ’ ಅಂದರೆ ಗೋಡೆಗೆ ತೂಗುಹಾಕುವ ಅಚ್ಚಾದದ್ದೇ ಕಣ್ಣಿಗೆ ಬರುತ್ತದೆ, ಹಾಗಾಗಿ ನಾವೇ ಬಿಡಿಸುವುದಕ್ಕೆ ‘ತಿಂಗಳ ಪುಟ’ ಸಾಕು. ಎದುರುಬದುರು ಎರಡು ಹಾಳೆಯಲ್ಲಿ ಹರಡಿದರೆ ‘ಜೋಡಿಪುಟ’. ಎಡಕ್ಕೆ ನಾಲ್ಕು ವಾರ, ಬಲಕ್ಕೆ ಮೂರು ವಾರ ಅಂತ ಬರೆಯಹೊರಟೆ, ‘ವಾರ’ ಅಂದರೆ ಸೋಮವಾರವೂ ಹೌದು, ಏಳು ದಿನವೂ ಹೌದು. ಅದಕ್ಕೆ ಗಣಿತದ ಪಾಠದ ‘ಕಂಬಸಾಲು’, ‘ಅಡ್ಡಸಾಲು’ ತಂದೆ. ಎಡಪುಟದಲ್ಲಿ ನಾಲ್ಕು ಕಂಬಸಾಲು, ಬಲಪುಟದಲ್ಲಿ ಮೂರು, ಉಳಿದ ಎಂಟನೆಯ ಜಾಗ ಟಿಪ್ಪಣಿಗೆ. ಅಡ್ಡಸಾಲು ಎಷ್ಟು ಬೇಕು ಅನ್ನುವುದು ತಿಂಗಳ ಮೇಲೆ ಹೋಗುತ್ತದೆ. ಭಾನುವಾರದಿಂದ ಶುರು ಮಾಡಿದರೆ 2026ರ ಫೆಬ್ರುವರಿಗೆ ಸರಿಯಾಗಿ ನಾಲ್ಕೇ ಸಾಲು, ಶನಿವಾರ ಹುಟ್ಟುವ ಆಗಸ್ಟ್‌ಗೆ ಆರು ಸಾಲು.

ದಿನಾಂಕ ಬರೆಯುವ ಚೌಕಕ್ಕೆ ‘ಮನೆ’ ಅಂತ ಬರೆದಿದ್ದೇನೆ. ಚದುರಂಗದ ಮನೆ, ಕುಂಡಲಿಯ ಮನೆ ಇರುವಾಗ ತಿಂಗಳಿಗೂ ಮೂವತ್ತು ಮನೆ ಇರಬಹುದಲ್ವಾ. ‘ಒಂದನೇ ತಾರೀಖಿಗೆ ಮುಂಚೆ ಬರುವ ಖಾಲಿ ಮನೆಗಳಲ್ಲಿ ಚಿತ್ರ ಬಿಡಿಸಿ’ ಅನ್ನುವ ಸಾಲನ್ನು ನಾನು ಬಿಟ್ಟುಕೊಡಲು ಸಿದ್ಧಳಿಲ್ಲ. ಉಳಿದ ಪದಗಳಲ್ಲಿ ನೀವು ಹೇಳಿದಂತೆ ಕೇಳುತ್ತೇನೆ.

ಉತ್ತರ ಬರೆಯುವವರು ದಯವಿಟ್ಟು ಬರೀ ಪದ ಕೊಡಬೇಡಿ. ಆ ಪದ ಇರುವ ಒಂದು ಪೂರ್ತಿ ಸೂಚನೆ ಬರೆದು ಕಳಿಸಿ, ಮೊದಲು ‘ಮಗುಚು’ವಿಗೆ, ಆಮೇಲೆ ಕ್ರಂಬ್ ಕೋಟ್‌ಗೆ. ಕೇಕ್ ಭಾಗ ಇವೆರಡರಲ್ಲೇ ನಿಂತಿದೆ.