ನದಿ ಸಂರಕ್ಷಣೆಯ ವೃತ್ತಿಗೆ ಹೋಗಲು ರಜಾದಿನದ ಸ್ವಯಂಸೇವೆ ನೆರವಾಗುವುದೇ?

ಪ್ರಶ್ನೆ (ಮಂಗಳೂರು):
ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಇಲ್ಲಿನ ಒಂದು ಸಲಹಾ ಸಂಸ್ಥೆಯಲ್ಲಿದ್ದೇನೆ. ಕಾರ್ಖಾನೆಗಳ ತ್ಯಾಜ್ಯನೀರಿನ ಪರೀಕ್ಷಾ ವರದಿಗಳನ್ನು ಸಿದ್ಧಪಡಿಸುವುದು ನನ್ನ ಕೆಲಸ. ನದಿ, ಕೆರೆಗಳ ಸಂರಕ್ಷಣೆಯನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂಬ ಆಸೆಯಿಂದ ರಜಾದಿನಗಳಲ್ಲಿ ಕೆರೆ ಸ್ವಚ್ಛಗೊಳಿಸುವ ತಂಡದೊಂದಿಗೆ ಹೋಗುತ್ತೇನೆ. ಸಂದರ್ಶನದಲ್ಲಿ ಇಂಥ ಸೇವೆಗೆ ಬೆಲೆಯಿದೆಯೇ, ಅಥವಾ ಇನ್ನೊಂದು ಪದವಿ ಪಡೆಯಬೇಕೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಉತ್ತರ 1 (ಉಡುಪಿ):
ಕೆರೆಯಿಂದ ಪ್ಲಾಸ್ಟಿಕ್ ಎತ್ತುವುದು ಒಳ್ಳೆಯ ಕೆಲಸವೇ, ಆದರೆ ಅದಕ್ಕೆ ಎಂ.ಎಸ್ಸಿ. ಬೇಕಿಲ್ಲ. ಸ್ವರ್ಣಾ ನದಿಗೋ ಗುರುಪುರ ನದಿಗೋ ಸೇರುವ ಒಂದೇ ಒಂದು ತೋಡನ್ನು (ಸಣ್ಣ ಹಳ್ಳವನ್ನು) ಆರಿಸಿಕೊಂಡು, ಮಳೆಗಾಲದ ಮೊದಲು, ನಡುವೆ ಮತ್ತು ನಂತರ, ಅದೇ ಜಾಗದಲ್ಲಿ ಅದೇ ಹೊತ್ತಿಗೆ ನೀರನ್ನು ಪರೀಕ್ಷಿಸಿ ದಾಖಲೆಯಿಡಿ. ಹೊತ್ತು ಮುಖ್ಯ, ಏಕೆಂದರೆ ಪಾಚಿ ಹೆಚ್ಚಿರುವ ನೀರಿನಲ್ಲಿ ಕರಗಿದ ಆಮ್ಲಜನಕ ಮಧ್ಯಾಹ್ನಕ್ಕೆ ಏರಿ, ಬೆಳಗಿನ ಜಾವದ ಹೊತ್ತಿಗೆ ಕುಸಿದಿರುತ್ತದೆ. ಮಧ್ಯಾಹ್ನದ ಅಂಕಿಯೊಂದನ್ನೇ ನಂಬಿದರೆ ಮೀನು ಸತ್ತದ್ದೇಕೆಂದು ತಿಳಿಯುವುದೇ ಇಲ್ಲ. ಕರಗಿದ ಆಮ್ಲಜನಕವನ್ನು ರಾಸಾಯನಿಕಗಳಿಂದ ಅಳೆಯುವ ವಿಂಕ್ಲರ್ ವಿಧಾನವಾದರೆ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೊಡೈಡನ್ನು ದಡದಲ್ಲೇ ಬಾಟಲಿಗೆ ಹಾಕಬೇಕು. ಕಂದು ಬಣ್ಣದ ಗಸಿ ಇಳಿದರೆ ಆಮ್ಲಜನಕವಿದೆ, ಬಿಳಿಯಾಗಿಯೇ ಉಳಿದರೆ ಇಲ್ಲ. ಪಕ್ಕದಲ್ಲಿ ನಿಂತು ನೋಡುವ ಊರಿನವರಿಗೂ ಇದು ಅರ್ಥವಾಗುತ್ತದೆ. ಅಭ್ಯರ್ಥಿಗಳನ್ನು ಆಯ್ಕೆ ಮಾಡುವಾಗ ನಾನು ಕೇಳುವುದು ಇಂಥ ದಾಖಲೆಯನ್ನು. ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರಗಳನ್ನು (ಈಗ ಅವಕ್ಕೇನೂ ಬರವಿಲ್ಲ) ತೆರೆದೂ ನೋಡುವುದಿಲ್ಲ.

ಉತ್ತರ 2 (ಮೂಲ್ಕಿ):
ಒಂದು ಸೇರ್ಪಡೆ. ಕರಾವಳಿಯಲ್ಲಿ ಸಿಹಿನೀರಿನ ಕೆಲಸವೆಂದರೆ ಬೇಸಿಗೆಯಲ್ಲಿ ಉಪ್ಪುನೀರಿನ ಲೆಕ್ಕವೂ ಹೌದು. ಮಳೆ ಮುಗಿದು, ಸಮುದ್ರದ ಉಪ್ಪುನೀರು ಮೇಲೇರದಂತೆ ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಎರಡೂ ಬದಿಯ ನೀರಿನ ವಿದ್ಯುತ್ ವಾಹಕತೆಯನ್ನು (ಉಪ್ಪು ಹೆಚ್ಚಿದಂತೆ ಇದು ಏರುತ್ತದೆ) ಅಳೆಯಿರಿ. ಬಾವಿಯ ನೀರು ಉಪ್ಪಾಗತೊಡಗಿದ್ದನ್ನು ಸುತ್ತಲಿನ ಮನೆಯವರು ಮೀಟರಿಗಿಂತ ಮೊದಲೇ ಹೇಳುವುದುಂಟು. ಅದನ್ನೂ ದಿನಾಂಕ ಸಹಿತ ಬರೆದಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ನಾನು ಆರಿಸಬೇಕೆಂದಿರುವ ತೋಡಿನ ಬದಿಯಲ್ಲೇ ನಮ್ಮ ಸಂಸ್ಥೆಯ ಗ್ರಾಹಕರೊಬ್ಬರ ಘಟಕವಿದೆ. ಅದು ತೊಡಕಾದೀತೇ?

ಉತ್ತರ 3 (ಮಂಗಳೂರು):
ಖಂಡಿತ ಆಗುತ್ತದೆ. ವಾರದ ದಿನಗಳಲ್ಲಿ ಗ್ರಾಹಕರಿಗೆ ವರದಿ ಬರೆದು, ರಜೆಯಲ್ಲಿ ಅದೇ ನೀರಿನ ಬಗ್ಗೆ ಬೇರೆ ಅಂಕಿ ಪ್ರಕಟಿಸಿದರೆ ಎರಡನ್ನೂ ಯಾರೂ ನಂಬುವುದಿಲ್ಲ. ಬೇರೆ ನದಿಯ ತೋಡನ್ನು ಹಿಡಿಯಿರಿ, ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಿ, ಕಚೇರಿಯ ಲ್ಯಾಬನ್ನು ಇದಕ್ಕೆ ಬಳಸಬೇಡಿ. ಇನ್ನೊಂದು ಪದವಿ ಅನಗತ್ಯವೆಂದು ನನ್ನ ಅಭಿಪ್ರಾಯ. ರಸಾಯನಶಾಸ್ತ್ರ ನಿಮಗೆ ಗೊತ್ತಿದೆ, ಕಲಿಯಬೇಕಾದದ್ದು ಜೀವಿಗಳನ್ನು. ಕಲ್ಲಿನಡಿಯ ಸ್ಟೋನ್‌ಫ್ಲೈ ಎಂಬ ಕೀಟದ ಮರಿಗಳು ಆಮ್ಲಜನಕ ಕಡಿಮೆಯಾದಲ್ಲಿ ಉಳಿಯುವುದಿಲ್ಲ. ಮೈಯಲ್ಲಿ ಹೀಮೋಗ್ಲೋಬಿನ್ ಇರುವ ಕೆಂಪು ಕೈರೊನೊಮಿಡ್ ಹುಳುಗಳು (ಸೊಳ್ಳೆಯನ್ನು ಹೋಲುವ, ಕಚ್ಚದ ಕೀಟದ ಮರಿಗಳು) ಕೊಳೆತ ಕೆಸರಿನಲ್ಲೂ ಬದುಕುತ್ತವೆ. ಒಂದು ದಿನದ ಮಾದರಿಗೆ ಸಿಗದೆ ಹರಿದುಹೋದ ಮಾಲಿನ್ಯದ ಸುಳಿವು ಈ ಹುಳುಗಳಲ್ಲಿ ಸಿಗುತ್ತದೆ. ಮೀನುಗಳ ಗುರುತಿಗೆ ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಅಧ್ಯಾಪಕರನ್ನು ವಿಚಾರಿಸಿ. ಹೋಗುವಾಗ ಪ್ರತಿ ಮೀನಿನ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ತೆಗೆದ ಫೋಟೋ ಜೊತೆಗಿರಲಿ.