ಎರಡು ವರ್ಷದ ಮೇಲೆ ಒಟ್ಟಿಗೆ ಕೂತೆವು, ಆದರೆ ಶ್ರುತಿ ಲಯ ಸೇರುತ್ತಿಲ್ಲ. ಏನು ಮಾಡೋಣ?

ಮೈಸೂರು ಪಿಟೀಲು | 15 ಫೆಬ್ರವರಿ 2022

ಎಲ್ಲರಿಗೂ ನಮಸ್ಕಾರ. ನಾನು ಸರಸ್ವತಿಪುರಂನವಳು. ನಮ್ಮ ಬಡಾವಣೆಯಲ್ಲಿ ಒಂದು ಪುಟ್ಟ ವಾದ್ಯವೃಂದ ಇದೆ. ಯಾರೂ ದೊಡ್ಡ ವಿದ್ವಾಂಸರಲ್ಲ. ಬ್ಯಾಂಕಿನವರು, ಟೀಚರುಗಳು, ಕಾಲೇಜು ಹುಡುಗರು, ನನ್ನ ಹಾಗೆ ಮನೆ ನೋಡಿಕೊಂಡು ಇರುವವರು. 11 ಪಿಟೀಲು, 4 ವೀಣೆ, 3 ಕೊಳಲು, 2 ಮೃದಂಗ, ಒಂದು ಘಟ. ತಾಳ ಹಾಕಿ ನಡೆಸುವವರು ನಮ್ಮ ಮೇಷ್ಟ್ರು, ಅವರಿಗೀಗ 78 ವರ್ಷ. ಪ್ರತಿ ಭಾನುವಾರ ಸಂಜೆ 4ಕ್ಕೆ ರಾಮಮಂದಿರದ ಮಹಡಿ ಕೋಣೆಯಲ್ಲಿ ಸೇರುತ್ತಿದ್ದೆವು.

ಕೊರೊನಾ ಬಂತು, 2020ರ ಮಾರ್ಚ್ 8ರ ಭಾನುವಾರವೇ ಕೊನೆ. ಆಮೇಲೆ ಒಟ್ಟಿಗೆ ಕೂತಿದ್ದು ಮೊನ್ನೆ, ಫೆಬ್ರವರಿ 13ಕ್ಕೆ. 13 ಜನ ಬಂದಿದ್ದರು. ನಾನು ಬೆಳಿಗ್ಗೆಯೇ ಹೋಗಿ ಕೋಣೆ ಗುಡಿಸಿ, ಕಿಟಕಿ ತೆಗೆದು, ಜಮಖಾನ ಕೊಡವಿ ಹಾಸಿ ಬಂದಿದ್ದೆ. ಹಬ್ಬಕ್ಕೆ ಹೊರಟ ಹಾಗೆ ಸೀರೆ ಉಟ್ಟುಕೊಂಡು ಹೋದೆ.

ಸುಲಭವಾಗಿರಲಿ ಅಂತ ಮೋಹನ ರಾಗದ ವರ್ಣ (ಕಲಿಯುವವರು ಅಭ್ಯಾಸಕ್ಕೆ ನುಡಿಸುವ ರಚನೆ) ಎತ್ತಿಕೊಂಡೆವು. ಹತ್ತು ವರ್ಷದಿಂದ ನುಡಿಸುತ್ತಿರುವ ವರ್ಣ. ಒಬ್ಬೊಬ್ಬರೇ ನುಡಿಸಿದರೆ ಒಂದು ತಪ್ಪಿಲ್ಲ. ಎಲ್ಲರೂ ಸೇರಿದರೆ ಸಂತೆ. ಅರ್ಧ ಜನ ಮುಂದೆ ಓಡುತ್ತಾರೆ, ಅರ್ಧ ಜನ ಹಿಂದೆ. ಶ್ರುತಿಯಂತೂ ಕೇಳಲೇಬೇಡಿ.

ನನಗೆ ಹೊಳೆದ ಕಾರಣ ಒಂದೇ. ಎರಡು ವರ್ಷ ನಾವು ಜೂಮ್‌ನಲ್ಲಿ ಕಲಿತೆವು. ಮೇಷ್ಟ್ರು ನುಡಿಸುತ್ತಿದ್ದರು, ನಾವೆಲ್ಲ ಮ್ಯೂಟ್. ನಮ್ಮ ಕೈ ಚುರುಕಾಯಿತು ನಿಜ. ಆದರೆ ಪಕ್ಕದವರ ವಾದ್ಯದ ಒಂದು ಸ್ವರವನ್ನೂ ಕೇಳಲಿಲ್ಲ. ಮಧ್ಯೆ ಒಂದು ವಿಡಿಯೋ ಮಾಡಿದೆವು. ಎಲ್ಲರೂ ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಒಬ್ಬ ಹುಡುಗ ಜೋಡಿಸಿದ. ನೆಂಟರೆಲ್ಲ ಮೆಚ್ಚಿಕೊಂಡರು. ಅದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತಿತ್ತು. ನಾವು ಒಟ್ಟಿಗೆ ನುಡಿಸಿರಲೇ ಇಲ್ಲ, ಅಲ್ವಾ?

ಇನ್ನೊಂದು ಮಾತು. ನಾಲ್ಕು ವೀಣೆ ಈಗ ಮೂರು. ಕಳೆದ ಮೇನಲ್ಲಿ ಒಬ್ಬರು ತೀರಿಕೊಂಡರು. ನಾನು ಕೂರುತ್ತಿದ್ದದ್ದು ಅವರ ಎಡಕ್ಕೆ. ಅವರ ಮೀಟು ಕೇಳಿಕೊಂಡೇ ನಾನು ಕಮಾನು ಎಳೆಯುತ್ತಿದ್ದೆ ಅಂತ ಗೊತ್ತಾಗಿದ್ದು ಮೊನ್ನೆಯೇ. ಚರಣದ ಎತ್ತುಗಡೆಗೆ ಕೈ ಎತ್ತಿದೆ, ಮೀಟು ಬರಲಿಲ್ಲ, ಹಾಗೇ ನಿಂತುಬಿಟ್ಟೆ.

ಏಪ್ರಿಲ್ 10 ರಾಮನವಮಿ. ಅವತ್ತು ಮಂದಿರದಲ್ಲಿ ನುಡಿಸುತ್ತೇವೆ ಅಂತ ಒಪ್ಪಿಕೊಂಡಾಗಿದೆ. ಅಭ್ಯಾಸಕ್ಕೆ ಉಳಿದಿರುವುದು 7 ಭಾನುವಾರ. ಕೇಳುವ ಅಭ್ಯಾಸ ವಾಪಸ್ ತರೋದು ಹೇಗೆ? ಕೊಳಲಿನವರಿಗೆ ಮಾಸ್ಕ್ ಹಾಕಲು ಆಗೋದಿಲ್ಲ, ಅವರನ್ನು ಎಲ್ಲಿ ಕೂರಿಸೋದು? ಮೇಷ್ಟ್ರಿಗೆ ಲಸಿಕೆಯ ಮೂರನೇ ಡೋಸ್ ಆಗಿದೆ, ಆದರೂ ಮನೆಯವರು ಬಿಡುತ್ತಿಲ್ಲ. ಅವರನ್ನು ಕರೆಯುವುದು ಸರಿಯಾ?

ಜೊತೆಗೆ ಇನ್ನೊಂದು. ನಮ್ಮಲ್ಲಿ ಒಬ್ಬರು ಎರಡು ವರ್ಷ ಪಿಟೀಲಿನ ಪೆಟ್ಟಿಗೆ ತೆರೆದೇ ಇರಲಿಲ್ಲ. ಮೊನ್ನೆ ತೆರೆದು ಕಮಾನು ಎತ್ತಿದರೆ ಕೂದಲು ಗೊಂಚಲಾಗಿ ತೊಡೆಯ ಮೇಲೆ ಬಿತ್ತು, ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ಮಖಮಲ್ ಬಟ್ಟೆಯ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಕಂದು ಸಿಪ್ಪೆಗಳು. ಪಾಪ, ಅವರ ಮುಖ ನೋಡಲಾಗಲಿಲ್ಲ. ಇದೇನು?

ರಿಪೇರಿಯವನು

ಮೇಡಂ, ಕಮಾನಿನದು ಮೊದಲು ಹೇಳಿಬಿಡುತ್ತೇನೆ. ಅದು ಕಾರ್ಪೆಟ್ ಬೀಟಲ್ ಅನ್ನುವ ಸಣ್ಣ ಹುಳದ ಮರಿಗಳ ಕೆಲಸ. ಕುದುರೆ ಬಾಲದ ಕೂದಲು ಅವಕ್ಕೆ ಊಟ. ಕತ್ತಲೆಯಲ್ಲಿ ಮುಚ್ಚಿಟ್ಟ ಪೆಟ್ಟಿಗೆ ಅಂದರೆ ಅವಕ್ಕೆ ಮನೆ ಸಿಕ್ಕ ಹಾಗೆ. ಸಿಪ್ಪೆ ಅಂದಿರಲ್ಲ, ಅದು ಮರಿಗಳು ಕಳಚಿದ ಪೊರೆ. ಲಾಕ್‌ಡೌನ್ ಮುಗಿದ ಮೇಲೆ ಇಂಥ ಕಮಾನು ನನ್ನ ಹತ್ತಿರ ಬಹಳ ಬಂದಿವೆ, ಅವರು ಬೇಜಾರು ಮಾಡಿಕೊಳ್ಳಬಾರದು. ಕೋಲು ಚೆನ್ನಾಗಿಯೇ ಇರುತ್ತದೆ, ಕೂದಲು ಮಾತ್ರ ಹೊಸದು ಹಾಕಿಸಬೇಕು. ಒಂದು ಕಮಾನಿಗೆ ಸುಮಾರು 150ರಿಂದ 200 ಕೂದಲು ಹಿಡಿಯುತ್ತದೆ. ಹಾಕಿಸುವ ಮೊದಲು ಪೆಟ್ಟಿಗೆಯನ್ನು ಖಾಲಿ ಮಾಡಿ, ಮೂಲೆ ಮೂಲೆ ವ್ಯಾಕ್ಯೂಮ್ ಹೊಡೆದು, ಒಂದೆರಡು ದಿನ ಬಿಸಿಲಿಗೆ ತೆರೆದಿಡಿ. ಪಿಟೀಲನ್ನು ಮಾತ್ರ ಬಿಸಿಲಿಗೆ ಇಡಬೇಡಿ.

ಇನ್ನೊಂದು. ಎರಡು ವರ್ಷ ಸಡಿಲವಾಗಿದ್ದ ತಂತಿಯನ್ನು ಒಂದೇ ಸಲ ಬಿಗಿ ಮಾಡಬೇಡಿ. ಎರಡು ಮೂರು ದಿನ ತೆಗೆದುಕೊಳ್ಳಿ. ಬಿಗಿ ಮಾಡುತ್ತಾ ಹೋದರೆ ಕುದುರೆ (ತಂತಿಗಳನ್ನು ಹೊತ್ತು ನಿಂತಿರುವ ಮರದ ತುಂಡು) ಬಿರಡೆಗಳ ಕಡೆಗೆ ವಾಲುತ್ತದೆ. ಆಗಾಗ ಕೈಯಿಂದ ನೆಟ್ಟಗೆ ಮಾಡಿ, ಇಲ್ಲದಿದ್ದರೆ ಬಿದ್ದು ಮುರಿಯುತ್ತದೆ.

ಸಿಯಾಟಲ್ ಕನ್ನಡತಿ

ಅಕ್ಕ, ನಾನು ಇಲ್ಲಿಯ ಒಂದು ಹವ್ಯಾಸಿ ಆರ್ಕೆಸ್ಟ್ರಾದಲ್ಲಿ ಎರಡನೇ ಪಿಟೀಲಿನ ಸಾಲಿನಲ್ಲಿದ್ದೇನೆ. ನಮ್ಮೂರಿಂದ ಉತ್ತರಕ್ಕೆ ಕಾರಿನಲ್ಲಿ ಒಂದು ಗಂಟೆ ಹೋದರೆ ಸ್ಕ್ಯಾಗಿಟ್ ಕಣಿವೆ. 2020ರ ಮಾರ್ಚ್ 10ಕ್ಕೆ ಅಲ್ಲಿನ ಗಾಯಕರ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದವರು 61. ಅವರಲ್ಲಿ 53 ಜನಕ್ಕೆ ಕೊರೊನಾ ಬಂತು, ಇಬ್ಬರು ತೀರಿಕೊಂಡರು. ಪಕ್ಕದ ಊರಿನ ಸುದ್ದಿ, ಹಾಡಿದ್ದಕ್ಕೇ ಹೀಗಾಯಿತಲ್ಲ ಅಂತ ನಾವು ಬಹಳ ಹೆದರಿದ್ದೆವು. ಹಾಗಾಗಿ ನಿಮ್ಮ ಮೇಷ್ಟ್ರ ಮನೆಯವರ ಭಯ ನನಗೆ ಅರ್ಥವಾಗುತ್ತದೆ. ದಯವಿಟ್ಟು ಅವರನ್ನು ಒತ್ತಾಯ ಮಾಡಬೇಡಿ.

ಕಳೆದ ಸೆಪ್ಟೆಂಬರಿನಲ್ಲಿ ನಾವು ಶುರು ಮಾಡಿದಾಗ ಪಾಲಿಸಿದ್ದು ಇಷ್ಟು: 30 ನಿಮಿಷ ನುಡಿಸುವುದು, ಆಮೇಲೆ ಎಲ್ಲರೂ ಹೊರಗೆ, ಕೋಣೆಯ ಗಾಳಿ ಬದಲಾಗುವವರೆಗೆ ಕಾಯುವುದು. ತಂತಿ ವಾದ್ಯದವರು ಮಾಸ್ಕ್ ಹಾಕಿಕೊಂಡೇ ನುಡಿಸಿದೆವು. ಕೊಳಲಿನವರನ್ನು ಕಿಟಕಿಯ ಪಕ್ಕ, ಊದಿದ ಉಸಿರು ಹೊರಗೆ ಹೋಗುವ ಹಾಗೆ ಕೂರಿಸಿ. ಮಹಡಿ ಕೋಣೆಗಿಂತ ಎರಡು ಕಡೆ ತೆರೆದ ಜಾಗ ಸಿಕ್ಕರೆ ಇನ್ನೂ ಒಳ್ಳೆಯದು.

ಮೃದಂಗ, ಶಿವಮೊಗ್ಗ

ಒಂದು ಪ್ರಶ್ನೆ. ಮೊನ್ನೆ ದೂರ ದೂರ ಕೂತಿದ್ದಿರಾ? ಅಲ್ಲೇ ಒಂದು ತೊಂದರೆ ಇದೆ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಕೋಣೆಯ ಒಂದು ತುದಿಯಲ್ಲಿ ಮೃದಂಗ, 10 ಮೀಟರ್ ಆಚೆ ಕೊನೆಯ ಪಿಟೀಲು ಅಂದರೆ 30 ಮಿಲಿಸೆಕೆಂಡ್ ತಡ. ಮೃದಂಗ ಕೇಳಿ ಅವರು ನುಡಿಸಿದ್ದು ನಮಗೆ ವಾಪಸ್ ಬರುವಾಗ ಇನ್ನೊಂದು 30. ನನ್ನ ಅನುಭವದಲ್ಲಿ ಅಷ್ಟಕ್ಕೇ ಲಯ ಎಳೆಯಲು ಶುರುವಾಗುತ್ತದೆ. ಮೃದಂಗವನ್ನು ನಡುವೆ ಇಟ್ಟು ಅರ್ಧ ಚಂದ್ರದ ಹಾಗೆ ಸುತ್ತ ಕೂತುಕೊಳ್ಳಿ. ಒಬ್ಬರ ಬೆನ್ನು ಒಬ್ಬರಿಗೆ ಬೇಡ, ಕಮಾನು ಕಾಣಬೇಕು.

ಇನ್ನು ಕೇಳುವ ಅಭ್ಯಾಸ. ಒಂದು ತಿಂಗಳು ವರ್ಣ ಬಿಟ್ಟುಬಿಡಿ. ಅಲಂಕಾರ, ಅಂದರೆ ತಾಳಕ್ಕೆ ಕೂರಿಸಿದ ಸ್ವರದ ಪಾಠ ತೆಗೆದುಕೊಳ್ಳಿ. ಒಂದು ಸಾಲು ನುಡಿಸಲಿ, ಇನ್ನೊಂದು ಸಾಲು ಸುಮ್ನೆ ತಾಳ ಹಾಕಲಿ. ಆವರ್ತಕ್ಕೊಮ್ಮೆ, ಅಂದರೆ ತಾಳದ ಒಂದು ಸುತ್ತಿಗೊಮ್ಮೆ ಬದಲಾಯಿಸಿ. ಮೃದಂಗವೂ ಬೇಡ. ಇದನ್ನು ಮೃದಂಗದವನೇ ಹೇಳುತ್ತಿದ್ದೇನೆ. ನಾವು ಬಾರಿಸುತ್ತಿದ್ದರೆ ಎಲ್ಲರೂ ನಮಗೆ ಜೋತು ಬೀಳುತ್ತಾರೆ, ಪಕ್ಕದವರನ್ನು ಕೇಳುವುದಿಲ್ಲ. ಗಮಕ (ಸ್ವರವನ್ನು ತೂಗುವುದು) ಜಾಸ್ತಿ ಇಲ್ಲದ ನೊಟ್ಟುಸ್ವರ, ಅಂದರೆ ಪಾಶ್ಚಾತ್ಯ ಧಾಟಿಯ ಪುಟ್ಟ ರಚನೆ, ಒಂದೆರಡು ನುಡಿಸಿ. ಶಂಕರಾಭರಣದ ನೇರ ಸ್ವರಗಳು, ಶ್ರುತಿ ಎಲ್ಲಿ ಬಿಡುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಧಾರವಾಡ ಭಜನಿ

ಅಕ್ಕಾರ, ನಮಸ್ಕಾರ. ನಮ್ಮದು ವಾದ್ಯವೃಂದ ಅಲ್ಲ, ಭಜನಾ ಮಂಡಳಿ. ಹಾರ್ಮೋನಿಯಂ, ತಬಲಾ, ತಾಳ ಅಷ್ಟೇ. ನಮ್ಮಲ್ಲೂ ಒಬ್ಬರು ಹಿರಿಯರು ಬಹಳ ಹೆದರಿದ್ದರು. ಮನೆಯಲ್ಲೇ ಇರಲಾರರು, ಒಳಗೆ ಬರಲಾರರು. ಹೊರಗೆ ಕಟ್ಟೆಯ ಮೇಲೆ ಕೂತು, ಬಾಗಿಲಿನಿಂದ ಕೇಳಿಸಿದಷ್ಟಕ್ಕೆ ತಾಳ ಹಾಕುತ್ತಿದ್ದರು. ಮೂರು ವಾರ ಹಾಗೇ ನಡೆಯಿತು. ನಾವು ಯಾರೂ ಒಳಗೆ ಬರ್ರಿ ಅನ್ನಲಿಲ್ಲ, ಚಹಾ ಮಾತ್ರ ಹೊರಗೇ ಒಯ್ದು ಕೊಡುತ್ತಿದ್ದೆವು. ನಾಲ್ಕನೇ ವಾರ ತಾವೇ ಎದ್ದು ಬಂದು ಬಾಗಿಲ ಹತ್ತಿರ ಕೂತರು. ಮತ್ತೆ, ರಾಮನವಮಿಗೆ ಪೂರ್ತಿ ಕಚೇರಿ ಯಾಕೆ ಬೇಕು? ಎರಡೇ ಕೃತಿ ನುಡಿಸಿರಿ, ಸಾಕು.

ಮೈಸೂರು ಪಿಟೀಲು | 28 ಫೆಬ್ರವರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಸೇರಿದ್ದೆವು, ಅದನ್ನು ಹೇಳಲೇಬೇಕು.

ಮಹಡಿ ಬಿಟ್ಟು ಕೆಳಗಿನ ಪ್ರಾಂಗಣಕ್ಕೆ ಬಂದೆವು. ಎರಡು ಕಡೆ ಗೋಡೆ ಇಲ್ಲ, ಗಾಳಿ ಚೆನ್ನಾಗಿ ಬರುತ್ತದೆ. ಕೊಳಲಿನವರು ಹೊರಗಿನ ಅಂಚಿಗೆ, ಮೃದಂಗ ನಡುವೆ. ಮೇಷ್ಟ್ರಿಗೆ ಫೋನ್ ಮಾಡಿ ಜಾಗ ಬದಲಾಯಿಸಿದ್ದೇವೆ ಅಂತ ಮಾತ್ರ ಹೇಳಿದ್ದೆ, ಬನ್ನಿ ಅನ್ನಲಿಲ್ಲ. ನಾಲ್ಕೂವರೆಗೆ ಮಗನ ಸ್ಕೂಟರಿನಲ್ಲಿ ಬಂದರು. ಎರಡು ಮಾಸ್ಕ್ ಹಾಕಿಕೊಂಡು ಮೆಟ್ಟಿಲ ಮೇಲೆ, ನಮ್ಮಿಂದ ದೂರವೇ ಕೂತರು.

ಐದು ನಿಮಿಷ ಕೇಳಿ ಕೈ ಎತ್ತಿ ನಿಲ್ಲಿಸಿದರು. "ತಂಬೂರಿ ಎಷ್ಟಿದೆ?" ಅಂದರು. ನೋಡಿದರೆ ನಾಲ್ಕು ಫೋನಿನಲ್ಲಿ ಶ್ರುತಿ ಹಿಡಿಯುವ ತಂಬೂರಿ ಆ್ಯಪ್ ಓಡುತ್ತಿತ್ತು. ಮನೆಯಲ್ಲಿ ಒಬ್ಬರೇ ನುಡಿಸಿ ಬಂದ ಅಭ್ಯಾಸ, ತಮ್ಮ ತಮ್ಮ ಮುಂದೆ ಇಟ್ಟುಕೊಂಡಿದ್ದರು. ಎಲ್ಲದರಲ್ಲೂ ಒಂದೇ ಮನೆಯ, ಅಂದರೆ ಒಂದೇ ಎತ್ತರದ ಶ್ರುತಿ ತೋರಿಸುತ್ತಿತ್ತು. ಆದರೆ ಎರಡರಲ್ಲಿ ಫೈನ್ ಟ್ಯೂನಿಂಗ್ ಒಂಚೂರು ಮೇಲಿತ್ತು. ಎಲ್ಲರೂ ವಾದ್ಯ ಇಳಿಸಿ ಕೇಳಿದೆವು. ಷಡ್ಜ, ಅಂದರೆ 'ಸ' ಸ್ವರ, ನಿಂತಲ್ಲಿ ನಿಲ್ಲದೆ ವೊಂವ್, ವೊಂವ್ ಅಂತ ಅಲೆಯ ಹಾಗೆ ಏಳುತ್ತಾ ಬೀಳುತ್ತಾ ಇತ್ತು. ಎರಡು ವಾರ ನಾವೆಲ್ಲ ಅದರ ಮೇಲೇ ನುಡಿಸುತ್ತಿದ್ದೆವು!

ಮೂರು ಫೋನ್ ಆಫ್ ಮಾಡಿದೆವು. ಕೊಳಲನ್ನು ತಂತಿಗೆ ತಕ್ಕಂತೆ ತಿರುಗಿಸಲು ಆಗೋದಿಲ್ಲ. ಅದಕ್ಕೆ ಕೊಳಲಿನವರು ಹತ್ತು ನಿಮಿಷ ಊದಿ ಬಿದಿರು ಬೆಚ್ಚಗಾದ ಮೇಲೆ ಆ ಶ್ರುತಿಗೆ ಉಳಿದ ಒಂದು ತಂಬೂರಿ ಸೇರಿಸಿ, ಅದಕ್ಕೆ ನಾವೆಲ್ಲ ಸೇರಿಸಿಕೊಂಡೆವು. ಆಮೇಲೆ ಶಿವಮೊಗ್ಗದ ಸರ್ ಹೇಳಿದ ಹಾಗೆ ಅಲಂಕಾರ, ಸಾಲು ಸಾಲಾಗಿ. ಮೂರನೇ ಆವರ್ತದಲ್ಲೋ ನಾಲ್ಕರಲ್ಲೋ ನನ್ನ ಪಿಟೀಲು ನನಗೆ ಬೇರೆಯಾಗಿ ಕೇಳಿಸಲಿಲ್ಲ. ನಿಂತು ಹೋಗಿದೆಯೇನೋ ಅಂತ ಕಮಾನು ನೋಡಿಕೊಂಡೆ. ಅದು ಓಡುತ್ತಿತ್ತು.

ತೀರಿಕೊಂಡ ವೀಣೆಯವರ ಜಾಗಕ್ಕೆ ಕಾಲೇಜು ಹುಡುಗಿ ಒಬ್ಬಳು ತಾನೇ ಬಂದು ಕೂತಳು. ಅವಳ ಮೀಟು ಸ್ವಲ್ಪ ಗಟ್ಟಿ. ನಾನು ಒಗ್ಗಿಕೊಳ್ಳುತ್ತೇನೆ.

ರಾಮನವಮಿಗೆ ಎರಡೇ ನುಡಿಸುವುದು ಅಂತ ತೀರ್ಮಾನ ಆಗಿದೆ, ಧಾರವಾಡದ ಅಣ್ಣ. ಕಮಾನಿಗೆ ಕೂದಲು ಹಾಕಿಸಲು ಕೊಟ್ಟಿದ್ದಾರೆ, ಈ ಶನಿವಾರ ಸಿಗುತ್ತದಂತೆ. ರಿಪೇರಿಯ ಸರ್, ಹೊಸ ಕೂದಲಿಗೆ ಮೊದಲ ಸಲ ರೋಸಿನ್ (ಕಮಾನಿಗೆ ಹಚ್ಚುವ ರಾಳ) ಎಷ್ಟು ಹೊತ್ತು ಉಜ್ಜಬೇಕು? ಭಾನುವಾರದೊಳಗೆ ಹೇಳಿದರೆ ಅವರಿಗೆ ಅನುಕೂಲ.