ನಕ್ಷತ್ರಗಳ ಕಾಂತಿಮಾಪನದಲ್ಲಿ ‘ಕ್ಯಾಲಿಬ್ರೇಷನ್’ಗೆ ತಕ್ಕ ಪದ ಯಾವುದು?

ಮಾನ್ಯರೇ,

ಹವ್ಯಾಸಿ ಆಕಾಶವೀಕ್ಷಕರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ‘ಕ್ಯಾಲಿಬ್ರೇಷನ್’ಗೆ (ಉಪಕರಣದ ಅಳತೆಯನ್ನು ಗೊತ್ತಿರುವ ಪ್ರಮಾಣಕ್ಕೆ ಹೊಂದಿಸುವುದಕ್ಕೆ) ರೂಢಿಯಲ್ಲಿರುವ ‘ಮಾಪನಾಂಕ ನಿರ್ಣಯ’ ಎಂಬ ಪದವು ನಕ್ಷತ್ರಗಳ ಕಾಂತಿಮಾನವನ್ನು, ಅಂದರೆ ಹೊಳಪನ್ನು ಸೂಚಿಸುವ ಅಂಕವನ್ನು, ಅಳೆಯುವ ಕೆಲಸಕ್ಕೆ ಒಪ್ಪುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಉಷ್ಣತಾಮಾಪಕದಂಥ ಉಪಕರಣಕ್ಕೆ ಆ ಪದ ಸರಿಯಾಗಿಯೇ ಹೊಂದುತ್ತದೆ. ಅಲ್ಲಿ ಯಾವ ಗೆರೆಗೆ ಯಾವ ಅಂಕ ಎಂಬುದನ್ನು ಮೊದಲೇ ಗೊತ್ತುಮಾಡಿಡಬಹುದು. ದೂರದರ್ಶಕಕ್ಕೆ ಜೋಡಿಸಿದ ಕ್ಯಾಮೆರಾ ಕೊಡುವುದಾದರೋ ಬೆಳಕಿನ ಎಣಿಕೆಯನ್ನು ಮಾತ್ರ. ಅದೇ ನಕ್ಷತ್ರ ದಿಗಂತದತ್ತ ಇಳಿದಂತೆ, ತೆಳುಮೋಡ ಹಾಯ್ದಂತೆ ಆ ಎಣಿಕೆ ಕುಗ್ಗುತ್ತದೆ. ಆದ್ದರಿಂದ ಒಂದೇ ಚಿತ್ರದಲ್ಲಿ ಸಿಕ್ಕಿರುವ, ಕಾಂತಿಮಾನ ಮೊದಲೇ ತಿಳಿದಿರುವ ನಕ್ಷತ್ರಗಳೊಡನೆ ಉಳಿದವನ್ನು ಹೋಲಿಸಿ, ಪ್ರತಿ ಚಿತ್ರಕ್ಕೂ ಹೊಸದಾಗಿ ಲೆಕ್ಕ ಹೊಂದಿಸಬೇಕಾಗುತ್ತದೆ. ಉದಾಹರಣೆಗೆ, 9.40 ಕಾಂತಿಮಾನದ ನಕ್ಷತ್ರಕ್ಕೆ ನಮ್ಮ ಎಣಿಕೆಯನ್ನು ಕಾಂತಿಮಾನದ ಅಳತೆಗೆ ತಿರುಗಿಸಿದಾಗ −7.85 ಬಂದರೆ ಕೂಡಿಸಬೇಕಾದ ಸಂಖ್ಯೆ 17.25, ಪಕ್ಕದ ಅಪರಿಚಿತ ನಕ್ಷತ್ರಕ್ಕೆ −6.20 ಬಂದಿದ್ದರೆ ಅದರ ಕಾಂತಿಮಾನ 11.05. (ಅಂಕ ಏರಿದಷ್ಟೂ ನಕ್ಷತ್ರ ಮಂಕು ಎಂಬ ವಿಪರ್ಯಾಸ ಇಲ್ಲಿ ಇದ್ದೇ ಇದೆ.) ಇದನ್ನು ‘ಕಾಂತಿಮಾನದ ಮಾಪನಾಂಕ ನಿರ್ಣಯ’ ಎಂದು ಬರೆದರೆ ಓದುಗರು ಕಾಂತಿಮಾನವನ್ನು ಕಂಡುಹಿಡಿಯುವುದು ಎಂದೇ ಅರ್ಥ ಮಾಡಿಕೊಳ್ಳುತ್ತಾರೆ, ಮಾನ, ಮಾಪನ, ಅಂಕ ಮೂರೂ ಒಂದರ ಮೇಲೊಂದು ಬಿದ್ದು ಹೋಲಿಕೆಯ ಅಂಶವೇ ಮರೆಯಾಗುತ್ತದೆ.

ನನಗೆ ತೋಚಿರುವುದು ‘ತಾಳೆ’. ಲೆಕ್ಕದ ಪುಸ್ತಕವನ್ನು ರಸೀದಿಗಳೊಡನೆ ತಾಳೆ ನೋಡುವಂತೆ ಇಲ್ಲಿಯೂ ನೆಚ್ಚಬಹುದಾದ ಪಟ್ಟಿಯೊಂದು ಎದುರಿಗಿರುತ್ತದೆ. ಆಗ ‘ತಾಳೆಹೊಂದಿಕೆ’, ‘ತಾಳೆನಕ್ಷತ್ರ’ ಎಂಬ ರೂಪಗಳೂ ಸುಲಭವಾಗಿ ಒದಗುತ್ತವೆ. ‘ಒರೆಹಚ್ಚುವುದು’ ಎಂಬುದನ್ನೂ ಯೋಚಿಸಿದ್ದೆ. ಆದರೆ ಒರೆಗಲ್ಲು ಗುಣವನ್ನು ಪರೀಕ್ಷಿಸುತ್ತದೆಯೇ ಹೊರತು ತಿದ್ದುವುದಿಲ್ಲವಾದ್ದರಿಂದ ಅದನ್ನು ಕೈಬಿಟ್ಟೆ.

ತೊಡಕು ಉಳಿದಿರುವುದು ಬಣ್ಣದ ವಿಷಯದಲ್ಲಿ. ಅಮೆರಿಕದ ‘ಅಮೆಚೂರ್ ಸ್ಕೈ ಸರ್ವೆ’ ಎಂಬ ಕೂಟದವರು 2001ರ ನವೆಂಬರಿನಿಂದ ನಾಲ್ಕು ವರ್ಷ ಉತ್ತರಾಕಾಶವನ್ನು ವಿ (ಹಸಿರು-ಹಳದಿ ಬೆಳಕು) ಮತ್ತು ಐ (ಕೆಂಪಿನಾಚೆಯ ಬೆಳಕು) ಎಂಬ ಎರಡು ಶೋಧಕಗಳಲ್ಲಿ (ಫಿಲ್ಟರ್‌ಗಳಲ್ಲಿ) ಏಕಕಾಲಕ್ಕೆ ಚಿತ್ರಿಸಿ, 43 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಎರಡು ಶೋಧಕಗಳಿದ್ದರೆ ನಕ್ಷತ್ರದ ಬಣ್ಣವೂ ತಿಳಿಯುತ್ತದೆ. ಬಣ್ಣ ತಿಳಿಯದೆ ಈ ಲೆಕ್ಕ ಪೂರ್ತಿಯಾಗುವುದಿಲ್ಲ, ಏಕೆಂದರೆ ನಮ್ಮ ಶೋಧಕ ಹಾಯಗೊಡುವ ಬೆಳಕು ಪ್ರಮಾಣಿತ ಶೋಧಕದ ಬೆಳಕಿಗೆ ತದ್ವತ್ ಸಮನಾಗಿರುವುದಿಲ್ಲ. ಹಿಪ್ಪಾರ್ಕಸ್ ಉಪಗ್ರಹದ ಅಳತೆಗಳಿಂದ ಸಿದ್ಧವಾದ ಟೈಕೋ ನಕ್ಷತ್ರಪಟ್ಟಿಯ ವಿ ಅಳತೆಯೇ, ಪ್ರಮಾಣವೆಂದು ಒಪ್ಪಿರುವ ಜಾನ್ಸನ್ ಶೋಧಕ ಪದ್ಧತಿಯ ವಿಗಿಂತ ತುಸು ಬೇರೆ. ನೀಲಿ ನಕ್ಷತ್ರಗಳನ್ನಷ್ಟೇ ನೋಡಿ ಹೊಂದಿಸಿದ ಲೆಕ್ಕ ಕೆಂಪು ನಕ್ಷತ್ರಕ್ಕೆ ತಪ್ಪಿಬಿಡುತ್ತದೆ. ಈ ಎರಡನೆಯ ಹಂತವನ್ನು ‘ತಾಳೆ’ಯೊಳಗೇ ಸೇರಿಸಬಹುದೋ, ‘ಬಣ್ಣದ ತಿದ್ದುಪಡಿ’ ಎಂದು ಬೇರೆಯಾಗಿಯೇ ಹೆಸರಿಸಬೇಕೋ? ನಾನು ಎರಡನೆಯದರತ್ತ ವಾಲಿದ್ದೇನೆ. ಭೌತವಿಜ್ಞಾನವನ್ನು ಕನ್ನಡದಲ್ಲಿ ಪಾಠ ಮಾಡಿರುವವರು ತರಗತಿಯಲ್ಲಿ ಯಾವ ಪದ ಬಳಸಿದ್ದಾರೆಂದು ತಿಳಿಸಿದರೆ ಉಪಕಾರವಾಗುತ್ತದೆ.